ನಾಮಸಾದೃಶ್ಯ ನಿರ್ಣಯದ ಗಣನಕ್ರಮಗಳು: ಜಿನಸೇನ ನಾಮದ ನಿದರ್ಶನ

ಹಸ್ತಪ್ರತಿಗಳ ಸೂಚಿಯಲ್ಲಿ ಒಂದೇ ಕೃತಿಯು ಎರಡು ಹೆಸರುಗಳಿಂದ ನಮೂದಾಗುವುದೂ, ಇಬ್ಬರು ಗ್ರಂಥಕರ್ತರು ಒಬ್ಬರಾಗಿ ಬೆರೆತುಹೋಗುವುದೂ ವಿರಳವಲ್ಲ. ಲಿಪಿಕಾರನು ಕೇಳಿ ಬರೆದಲ್ಲಿ ಶ-ಷ-ಸ, ಲ-ಳ, ಅಲ್ಪಪ್ರಾಣ-ಮಹಾಪ್ರಾಣಗಳು ಪಲ್ಲಟವಾಗುತ್ತವೆ. ನೋಡಿ ಬರೆದಲ್ಲಿ ಪ-ವ, ದ-ಧಗಳಂತಹ ಆಕಾರಸಾಮ್ಯವುಳ್ಳ ಅಕ್ಷರಗಳು ಪಲ್ಲಟವಾಗುತ್ತವೆ. ಮೊದಲನೆಯದು ಕಿವಿಯ ದೋಷ, ಎರಡನೆಯದು ಕಣ್ಣಿನ ದೋಷ. ಗ್ರಂಥಸೂಚಿಗಳು ಗಣಕಯಂತ್ರವನ್ನು ಆಶ್ರಯಿಸಿರುವ ಈ ಕಾಲದಲ್ಲಿ ಯಂತ್ರವು ಹೆಸರುಗಳ ಸಾದೃಶ್ಯವನ್ನು ಹೇಗೆ ಅಳೆಯುತ್ತದೆಂಬುದನ್ನು ಪರೀಕ್ಷಿಸುವುದು ಅವಶ್ಯವಾಗಿದೆ.

ಈ ಕ್ರಮಗಳಲ್ಲಿ ಪ್ರಾಚೀನವಾದುದು ಗಣಕಯಂತ್ರಕ್ಕಿಂತಲೂ ಹಳೆಯದು. ಅಮೆರಿಕದ ಪಿಟ್ಸ್‌ಬರ್ಗಿನ ರಾಬರ್ಟ್ ರಸೆಲ್ ಎಂಬಾತನು 1918ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಮುಂದೆ ಇದು 'ಸೌಂಡೆಕ್ಸ್' ಎಂದು ಪ್ರಸಿದ್ಧವಾಯಿತು. 1930ರ ದಶಕದಲ್ಲಿ ಅಲ್ಲಿಯ ಹಳೆಯ ಜನಗಣತಿಯ ಹಾಳೆಗಳಿಂದ ವೃದ್ಧರ ವಯಸ್ಸನ್ನು ಸಿದ್ಧಪಡಿಸಬೇಕಾದಾಗ ಇದೇ ಕ್ರಮದಿಂದ ಸೂಚಿಗಳು ತಯಾರಾದವು. ಹೆಸರಿನ ಮೊದಲ ಅಕ್ಷರವನ್ನು ಉಳಿಸಿ, ಮುಂದಿನ ಸ್ವರಗಳನ್ನು ಬಿಟ್ಟು, ವ್ಯಂಜನಗಳನ್ನು ಆರು ವರ್ಗಗಳಿಗೆ ಸೇರಿಸಿ ಮೂರು ಅಂಕಿಗಳನ್ನು ಬರೆಯುವುದು ಇದರ ವಿಧಾನ. ಸ್ಥಾನ-ಪ್ರಯತ್ನಗಳಿಂದ ಸವರ್ಣವನ್ನು ನಿರ್ಣಯಿಸಿದ ಪಾಣಿನಿಯ ಪರಂಪರೆಯನ್ನು ಬಲ್ಲವರಿಗೆ ಈ ವರ್ಗೀಕರಣವು ಬಹಳ ಸ್ಥೂಲವೆನಿಸುವುದು ಸಹಜ.

ರೋಮನ್ ಲಿಪಿಯಲ್ಲಿ ಬರೆದ 'ಜಿನಸೇನ' ನಾಮಕ್ಕೆ ಈ ಕ್ರಮದಂತೆ ದೊರೆಯುವ ಸಂಕೇತ ಜೆ-525. ಪ್ರಾಕೃತದ 'ಜಿಣಸೇಣ' ರೂಪಕ್ಕೂ ಅದೇ ಸಂಕೇತ. ಇಷ್ಟರಮಟ್ಟಿಗೆ ಸರಿ. ಆದರೆ 'ಜಿನಚಂದ್ರ' ನಾಮಕ್ಕೂ ಜೆ-525 ಎಂದೇ ಬರುತ್ತದೆ. ಚಕಾರವನ್ನು ಸೂಚಿಸುವ ರೋಮನ್ ಅಕ್ಷರವೂ ಸಕಾರವೂ ಅಲ್ಲಿ ಒಂದೇ ವರ್ಗ, ನಾಲ್ಕನೆಯ ವ್ಯಂಜನಕ್ಕೆ ಎಡೆಯೇ ಇಲ್ಲ. ಇನ್ನೊಂದೆಡೆ, ಮೊದಲ ಅಕ್ಷರವನ್ನು ಅಚಲವೆಂದು ಭಾವಿಸಿದ್ದರಿಂದ ಪಂಪೆ-ಹಂಪೆಗಳು ಬೇರೆಯಾಗಿಬಿಡುತ್ತವೆ. ಪಕಾರವು ಹಕಾರವಾದ ಕನ್ನಡಕ್ಕೆ ಇದು ಸಣ್ಣ ದೋಷವಲ್ಲ. ಪೂರ್ವ ಯೂರೋಪಿನ ಯೆಹೂದ್ಯರ ಮನೆತನದ ಹೆಸರುಗಳಿಗೆ ಈ ಕ್ರಮ ಹೊಂದದೆ 1985ರಲ್ಲಿ ಡೈಚ್ ಮತ್ತು ಮೊಕೊಟಾಫ್ ಎಂಬವರು ಪ್ರತ್ಯೇಕ ಕ್ರಮವನ್ನು ರಚಿಸಿ, ಮೊದಲ ಅಕ್ಷರವನ್ನೂ ಅಂಕಿಯಾಗಿಸಿದರು. 1990ರ 'ಮೆಟಾಫೋನ್' ಇಂಗ್ಲಿಷಿನ ಉಚ್ಚಾರಣೆಯನ್ನೇ ಆಧರಿಸಿದ್ದು.

ಎರಡನೆಯ ಮಾರ್ಗವು ಧ್ವನಿಯನ್ನು ಗಮನಿಸದೆ ವ್ಯತ್ಯಾಸಗಳನ್ನು ಮಾತ್ರ ಎಣಿಸುತ್ತದೆ. 1964ರಲ್ಲಿ ಡ್ಯಾಮೆರೋ ಎಂಬವನು ಬರವಣಿಗೆಯ ತಪ್ಪುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು: ಅಕ್ಷರ ಸೇರುವುದು, ಬಿಡುವುದು, ಬದಲಾಗುವುದು, ಹಿಂದುಮುಂದಾಗುವುದು. ನಿರುಕ್ತದ ವರ್ಣಾಗಮ, ವರ್ಣನಾಶ, ವರ್ಣವಿಕಾರ, ವರ್ಣವಿಪರ್ಯಯಗಳೂ ಇವೇ ಅಲ್ಲವೆ? ಮರುವರ್ಷ ರಷ್ಯದ ಲೆವೆನ್‌ಸ್ಟೈನ್ ಸಂಕೇತವಾಹಿನಿಗಳ ದೋಷಪರಿಹಾರಕ್ಕಾಗಿ ಹೇಳಿದ ಗಣಿತವು ಇಂದು 'ಅಂತರ'ವೆಂದು ಶಬ್ದಗಳಿಗೆ ಅನ್ವಯವಾಗುತ್ತಿದೆ. ಆದರೆ ಇದು ಎಲ್ಲ ವ್ಯತ್ಯಾಸಗಳನ್ನೂ ಸಮವಾಗಿ ತೂಗುತ್ತದೆ. ಅಕ್ಷರಕ್ಕೊಂದರಂತೆ ಎಣಿಸಿದರೆ ಜಿನಸೇನ-ಜಿಣಸೇಣಗಳ ಅಂತರ 2. ಜಿನಸೇನ-ವೀರಸೇನಗಳ ಅಂತರವೂ 2. ಸಮಯಸಾರದ ವೃತ್ತಿಕಾರರಾದ ಜಯಸೇನರಿಗೂ ಅಷ್ಟೇ. ಒಂದೆಡೆ ಕೇವಲ ಭಾಷೆಯ ಉಡುಪು ಬದಲಾಗಿದೆ. ಇನ್ನೊಂದೆಡೆ ಗುರುವೇ ಶಿಷ್ಯನಾಗಿದ್ದಾನೆ!

ಆದುದರಿಂದ ವ್ಯತ್ಯಾಸಗಳಿಗೆ ಬೇರೆ ಬೇರೆ ತೂಕವನ್ನು ಕೊಡಬೇಕು. ಆ ತೂಕಗಳನ್ನು ಹೊರಗಿನಿಂದ ತರಬೇಕಾದುದಿಲ್ಲ. ಹೇಮಚಂದ್ರಾಚಾರ್ಯರ ವ್ಯಾಕರಣದ ಎಂಟನೆಯ ಅಧ್ಯಾಯದಲ್ಲಿ ನಕಾರದ ಣತ್ವ, ಸಾಧು-ಸಾಹು, ಲೋಕ-ಲೋಯ ಮುಂತಾದ ಪರಿವರ್ತನೆಗಳು ನಿಯಮಬದ್ಧವಾಗಿವೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರ-ಱಕಾರಗಳನ್ನು ವಿವೇಚಿಸಿದ್ದಾನೆ. ಪೞಗನ್ನಡ-ಹಳಗನ್ನಡಗಳ ನಡುವಣ ಎರಡು ವ್ಯತ್ಯಾಸಗಳೂ ಭಾಷೆಯ ಚರಿತ್ರೆಯಿಂದ ಸಿದ್ಧವಾದವು. ಇಂತಹ ಪಲ್ಲಟಕ್ಕೆ ಅಲ್ಪ ತೂಕ, ನಿಯಮವಿಲ್ಲದ ಪಲ್ಲಟಕ್ಕೆ ಪೂರ್ಣ ತೂಕ ಎಂದಿಟ್ಟುಕೊಂಡರೆ ಜಿಣಸೇಣರು ಹತ್ತಿರವಾಗುತ್ತಾರೆ, ವೀರಸೇನರು ದೂರವಾಗುತ್ತಾರೆ. ಕಣ್ಣಿನ ದೋಷಕ್ಕೆ ಮಾತ್ರ ಆಯಾ ಕಾಲದ ಲಿಪಿಯನ್ನು ನೋಡಿ ಬೇರೊಂದು ಪಟ್ಟಿ ಬೇಕು. ತೂಕವನ್ನು ಶೂನ್ಯಕ್ಕೆ ಇಳಿಸುವುದೂ ತರವಲ್ಲ. ಲ-ಳ ಭೇದವನ್ನು ಮರೆತ ಯಂತ್ರಕ್ಕೆ ಹುಲಿಯೂ ಹುಳಿಯೂ ಒಂದೇ.

ಯಾವ ಗಣನೆಗೂ ನಿಲುಕದ ಸಂದರ್ಭವೊಂದುಂಟು. ಶಕ 705 (ಕ್ರಿ.ಶ. 783)ರಲ್ಲಿ ಹರಿವಂಶಪುರಾಣವನ್ನು ರಚಿಸಿದವರು ಪುನ್ನಾಟಸಂಘದ ಜಿನಸೇನರು, ಕೀರ್ತಿಷೇಣರ ಶಿಷ್ಯರು. ಶಕ 759 (ಕ್ರಿ.ಶ. 837)ರಲ್ಲಿ ಜಯಧವಲಾ ಟೀಕೆಯನ್ನು ಪೂರ್ಣಗೊಳಿಸಿ, ಆದಿಪುರಾಣವನ್ನು ರಚಿಸಿದವರು ಪಂಚಸ್ತೂಪಾನ್ವಯದ ಜಿನಸೇನರು, ವೀರಸೇನರ ಶಿಷ್ಯರು. ಹೆಸರುಗಳ ಅಂತರ ಶೂನ್ಯ, ಸಂಕೇತವೂ ಒಂದೇ. ಇವರನ್ನು ಬೇರ್ಪಡಿಸುವುದು ಪ್ರಶಸ್ತಿಪದ್ಯಗಳಲ್ಲಿ ದೊರೆಯುವ ಗುರು, ಸಂಘ, ಶಕವರ್ಷಗಳು ಮಾತ್ರ. ಹೀಗಿರುವಾಗ ಸೂಚಿಯ ನಮೂದಿನಲ್ಲಿ ಈ ಮೂರಕ್ಕೂ ಪ್ರತ್ಯೇಕ ಅಂಕಣಗಳಿರಬೇಕು. ಕರ್ತೃನಾಮವೊಂದನ್ನೇ ತುಂಬಿ ಉಳಿದುದನ್ನು ಯಂತ್ರಕ್ಕೆ ಬಿಟ್ಟಲ್ಲಿ ಇಬ್ಬರೂ ಒಬ್ಬರೇ ಆಗುತ್ತಾರೆ. ಹರಿವಂಶಪುರಾಣದ ಕರ್ತೃವಾದರೋ ತಮ್ಮ ಗ್ರಂಥದ ಆರಂಭದಲ್ಲಿಯೇ ವೀರಸೇನರನ್ನೂ, ಪಾರ್ಶ್ವಾಭ್ಯುದಯದ ಕರ್ತೃವಾದ ಆ ಇನ್ನೊಬ್ಬ ಜಿನಸೇನರನ್ನೂ ಸ್ತುತಿಸಿದ್ದಾರೆ.