ಕಿವಿಗೊಟ್ಟು ಕಲಿತ ಭಾಷೆ: ಸಾಂಬಾ ಹುಟ್ಟಿದ ಕಥೆ

ಒಂದು ಮನೆ ಅಂದ್ಕೊಳ್ಳಿ. ಅಣ್ಣನ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್, ತಂಗಿಯದ್ದರಲ್ಲಿ ವಿಂಡೋಸ್. ಎರಡೂ ಒಂದೇ ವೈಫೈನಲ್ಲಿವೆ. ಅಣ್ಣ ಇಲ್ಲಿ ಒಂದು ಫೋಲ್ಡರ್ ಶೇರ್ ಮಾಡ್ತಾನೆ, ತಂಗಿ ಅಲ್ಲಿ ಅದನ್ನ ತೆಗೆದು ಸಿನಿಮಾ ನೋಡ್ತಾಳೆ. ಪೆನ್‌ಡ್ರೈವ್ ಹುಡುಕೋ ಗೋಜೇ ಇಲ್ಲ. ಇದನ್ನ ಆಗಿಸೋದು ಸಾಂಬಾ ಅನ್ನೋ ಉಚಿತ ಸಾಫ್ಟ್‌ವೇರ್. ಇವತ್ತಿನ ಕಥೆ ಅದರದ್ದೇ.

ನೆಟ್‌ವರ್ಕ್‌ನಲ್ಲಿ ಫೈಲ್ ಕೇಳೋಕೆ, ಕೊಡೋಕೆ ಕಂಪ್ಯೂಟರ್‌ಗಳಿಗೆ ಒಂದು ಭಾಷೆ ಬೇಕು. ಅದಕ್ಕೆ ಪ್ರೋಟೋಕಾಲ್ ಅಂತಾರೆ. ವಿಂಡೋಸ್ ಆಡುವ ಭಾಷೆಯ ಹೆಸರು ಎಸ್‌ಎಂಬಿ. ಇದನ್ನು 1980ರ ದಶಕದ ಆರಂಭದಲ್ಲಿ ಐಬಿಎಂ ಕಂಪನಿಯ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದರು. ಆಮೇಲೆ ಮೈಕ್ರೋಸಾಫ್ಟ್ ಅದನ್ನ ತನ್ನದಾಗಿಸಿಕೊಂಡು ಬೆಳೆಸಿತು.

ಈಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾಗೆ ಬನ್ನಿ. 1991ರ ಕೊನೆ. ಆಂಡ್ರ್ಯೂ ಟ್ರಿಜೆಲ್ ಅನ್ನೋ ಯುವಕ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡ್ತಿದ್ದರು. ಅವರ ಮೇಜಿನ ಮೇಲಿದ್ದ ಡಾಸ್ ಪಿಸಿಯಿಂದ ಯುನಿಕ್ಸ್ ಯಂತ್ರದಲ್ಲಿದ್ದ ಫೈಲುಗಳು ಬೇಕಿತ್ತು. ಪಿಸಿಯಲ್ಲಿದ್ದದ್ದು ಡಿಇಸಿ ಕಂಪನಿಯ ಸಾಫ್ಟ್‌ವೇರ್. ಅದು ಯಾವ ಭಾಷೆ ಆಡುತ್ತೆ ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಅವರು ಮಾಡಿದ್ದೇನು ಗೊತ್ತಾ? ತಂತಿಯಲ್ಲಿ ಹರಿಯೋ ಪ್ಯಾಕೆಟ್‌ಗಳನ್ನ ಹಿಡಿದು ತೋರಿಸೋ ಒಂದು ಪ್ರೋಗ್ರಾಂ ಬರೆದರು. ಈ ವಿಧಾನಕ್ಕೆ ಅವರೇ ಮುಂದೆ ಒಂದು ಒಳ್ಳೆ ಹೋಲಿಕೆ ಕೊಟ್ಟರು. ನಿಮಗೆ ಫ್ರೆಂಚ್ ಬರಲ್ಲ, ಪುಸ್ತಕವೂ ಇಲ್ಲ, ಮೇಷ್ಟ್ರೂ ಇಲ್ಲ. ಹೋಗಿ ಫ್ರಾನ್ಸಿನ ಒಂದು ಹೋಟೆಲಲ್ಲಿ ಕೂತ್ಕೊಳ್ಳಿ. ಗಿರಾಕಿ ಏನಂದ, ಮಾಣಿ ಏನು ತಂದಿಟ್ಟ ಅಂತ ಬರ್ಕೊಳ್ತಾ ಹೋಗಿ. ಆಮೇಲೆ ನೀವೇ ಒಂದು ಮಾತು ಆಡಿ ನೋಡಿ, ತಟ್ಟೆಗೆ ಏನು ಬರುತ್ತೆ ಅಂತ. ಇಲ್ಲಿ ಯಾರ ಅಡುಗೆಮನೆಗೂ ನುಗ್ಗಬೇಕಿಲ್ಲ, ಯಾರ ಕೋಡನ್ನೂ ಕದಿಯಬೇಕಿಲ್ಲ. ಕಿವಿ ಮತ್ತು ತಾಳ್ಮೆ ಇದ್ದರೆ ಸಾಕು.

ಹಾಗೆ ಬರೆದ ಸರ್ವರನ್ನ ಹಂಚಿ, ಅವರು ತಮ್ಮ ಓದಿಗೆ ಮರಳಿದರು. ಸುಮಾರು 2 ವರ್ಷ ಅದರ ಕಡೆ ತಿರುಗಿ ನೋಡಲಿಲ್ಲ. ಒಂದು ದಿನ ಹೆಂಡತಿಯ ವಿಂಡೋಸ್ ಪಿಸಿಯನ್ನ ತಮ್ಮ ಲಿನಕ್ಸ್ ಯಂತ್ರಕ್ಕೆ ಜೋಡಿಸಬೇಕಾಯ್ತು. ಹಳೇ ಕೋಡ್ ಹಾಕಿ ನೋಡಿದರೆ, ಅರೆ, ಕೆಲಸ ಮಾಡ್ತಿದೆ! ಅವರು ತಿಳಿಯದೇ ಕಲಿತಿದ್ದು ವಿಂಡೋಸ್‌ನದ್ದೇ ಭಾಷೆಯಾಗಿತ್ತು. 1993ರ ಕೊನೆಯಲ್ಲಿ ಯೋಜನೆ ಮತ್ತೆ ಶುರುವಾಯ್ತು, ಬೇರೆಯವರೂ ಕೈಜೋಡಿಸಿದರು.

ಹೆಸರಿನದ್ದೂ ಒಂದು ತಮಾಷೆ ಇದೆ. ಮೊದಲು ಇಟ್ಟಿದ್ದ ಎಸ್‌ಎಂಬಿ ಸರ್ವರ್ ಅನ್ನೋ ಹೆಸರು ಆಗಲೇ ಬೇರೊಂದು ಕಂಪನಿಯ ಟ್ರೇಡ್‌ಮಾರ್ಕ್ ಆಗಿತ್ತು. ಟ್ರಿಜೆಲ್ ಕಂಪ್ಯೂಟರ್‌ನಲ್ಲಿದ್ದ ಇಂಗ್ಲಿಷ್ ಪದಪಟ್ಟಿಯಲ್ಲಿ ಎಸ್, ಎಂ, ಬಿ ಮೂರೂ ಅದೇ ಕ್ರಮದಲ್ಲಿ ಬರೋ ಪದ ಹುಡುಕಿದರು. ಸ್ಯಾಮನ್‌ಬೆರಿ ಅನ್ನೋ ಹಣ್ಣಿನ ಹೆಸರೂ ಸಿಕ್ಕಿತು, ಬ್ರೆಜಿಲ್‌ನ ನೃತ್ಯ ಸಾಂಬಾ ಕೂಡ. ನೃತ್ಯವೇ ಗೆದ್ದಿತು.

ಆದರೆ ಮುಂದಿನ ದಾರಿ ಸುಲಭ ಇರಲಿಲ್ಲ. ಮೈಕ್ರೋಸಾಫ್ಟ್ ಪ್ರೋಟೋಕಾಲಿಗೆ ಹೊಸ ಹೊಸ ಭಾಗ ಸೇರಿಸ್ತಾ ಹೋಯ್ತು, ಸಾಂಬಾದವರು ಪ್ರತಿ ಸಲ ಕೂತು ಕೇಳಿ ಕಲಿಯಬೇಕಿತ್ತು. ಇಲ್ಲೊಂದು ದೊಡ್ಡ ಪ್ರಶ್ನೆ ಇದೆ. ಫೈಲು ನಿಮ್ಮದು, ಕಂಪ್ಯೂಟರ್ ನಿಮ್ಮದು. ಅವುಗಳ ನಡುವಿನ ಮಾತು ಮಾತ್ರ ಒಂದು ಕಂಪನಿಯ ಗುಟ್ಟು ಅಂದ್ರೆ, ಪ್ರತಿ ಸಲವೂ ಅದೇ ಕಂಪನಿಯ ಸರ್ವರ್ ಕೊಳ್ಳದೆ ಬೇರೆ ದಾರಿ ಎಲ್ಲಿದೆ?

2004ರಲ್ಲಿ ಯುರೋಪಿಯನ್ ಕಮಿಷನ್ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಮೈಕ್ರೋಸಾಫ್ಟ್‌ಗೆ 49.7 ಕೋಟಿ ಯೂರೋ ದಂಡ ಹಾಕಿ, ಪ್ರತಿಸ್ಪರ್ಧಿಗಳಿಗೆ ಪ್ರೋಟೋಕಾಲ್ ಮಾಹಿತಿ ಕೊಡಿ ಅಂತ ಆದೇಶ ಮಾಡಿತು. ಕಂಪನಿ ಮೇಲ್ಮನವಿ ಹೋಯ್ತು, 2007ರ ಸೆಪ್ಟೆಂಬರ್‌ನಲ್ಲಿ ಸೋತಿತು. ಅದೇ ಡಿಸೆಂಬರ್‌ನಲ್ಲಿ ಒಪ್ಪಂದವಾಯ್ತು. ಒಂದೇ ಬಾರಿ 10,000 ಯೂರೋ ಕಟ್ಟಿದ್ದಕ್ಕೆ ಸಾಂಬಾ ತಂಡಕ್ಕೆ ದಾಖಲೆಗಳು ಸಿಕ್ಕವು. ದಾಖಲೆ ಗುಟ್ಟಾಗಿರಬೇಕು, ಆದರೆ ಅದನ್ನ ಓದಿ ಬರೆದ ಕೋಡ್ ಎಲ್ಲರಿಗೂ ಮುಕ್ತ ಅನ್ನೋದು ಷರತ್ತು. ಮರುವರ್ಷ ಮೈಕ್ರೋಸಾಫ್ಟ್ ತಾನಾಗಿಯೇ ಸಾವಿರಾರು ಪುಟಗಳ ವಿವರವನ್ನ ಎಲ್ಲರ ಮುಂದಿಟ್ಟಿತು. 2011ರಲ್ಲಂತೂ ಅದೇ ಕಂಪನಿ ಸಾಂಬಾಗೆ ಕೋಡ್ ಬರೆದು ಕಳಿಸಿತು.

ಒಂದು ಎಚ್ಚರಿಕೆಯ ಮಾತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ವೈರಸ್ ಜಗತ್ತಿನ ಕಂಪ್ಯೂಟರ್‌ಗಳಿಗೆ ನುಗ್ಗಿದ್ದು ವಿಂಡೋಸ್‌ನ ಹಳೇ ಎಸ್‌ಎಂಬಿ 1ರಲ್ಲಿದ್ದ ಲೋಪದಿಂದ. ಅದೇ ತಿಂಗಳು ಸಾಂಬಾದಲ್ಲೂ ಒಂದು ಗಂಭೀರ ಲೋಪ ಹೊರಬಿತ್ತು. ಹಾಗಾಗಿ ಮನೆಯಲ್ಲಿ ಶೇರ್ ಮಾಡೋವಾಗ ಹಳೇ ಎಸ್‌ಎಂಬಿ 1 ಆಫ್ ಇರಲಿ, ಪಾಸ್‌ವರ್ಡ್ ಇರಲಿ, ಅಪ್‌ಡೇಟ್ ತಪ್ಪದಿರಲಿ.

ಮುಂದಿನ ಸಲ ಆ ಫೋಲ್ಡರ್ ತೆಗೆದಾಗ ಕ್ಯಾನ್‌ಬೆರಾದ ಆ ಮನೆಯನ್ನ ನೆನೆಸ್ಕೊಳ್ಳಿ. ಗಂಡನದ್ದು ಲಿನಕ್ಸ್, ಹೆಂಡತಿಯದ್ದು ವಿಂಡೋಸ್. ಅಲ್ಲಿ ಆವತ್ತು ಎರಡು ಯಂತ್ರ ಮಾತಾಡಿದ್ದಕ್ಕೇ ಇವತ್ತು ನಿಮ್ಮ ಮನೆಯವೂ ಮಾತಾಡ್ತಿವೆ. ಮತ್ತೆ ಸಿಗೋಣ.