ಅಭಯಗಿರಿ: ಹೆಸರಿನಲ್ಲಿ ಉಳಿದ ನಿಗಂಠ

ಶ್ರೀಲಂಕೆಯ ಅನುರಾಧಪುರಕ್ಕೆ ಹೋದವರು ಅಭಯಗಿರಿಯ ಮಹಾಸ್ತೂಪವನ್ನೂ ಅಲ್ಲಿಯ ವಸ್ತುಸಂಗ್ರಹಾಲಯವನ್ನೂ ನೋಡಿ ಮರಳುತ್ತಾರೆ. ಅದೇ ನೆಲದಲ್ಲಿ ಮೊದಲು ನಿರ್ಗ್ರಂಥರ ಆರಾಮವಿದ್ದಿತೆಂದು ‘ಮಹಾವಂಸ’ ಹೇಳುತ್ತದೆ. ನಗರವನ್ನು ಕಟ್ಟಿಸಿದ ಪಾಂಡುಕಾಭಯನೇ ಅದನ್ನೂ ಕಟ್ಟಿಸಿದ್ದನು. ಕ್ರಿ.ಪೂ. 1ನೆಯ ಶತಮಾನದಲ್ಲಿ ಸೋತು ಓಡುತ್ತಿದ್ದ ವಟ್ಟಗಾಮಣಿ ಅಭಯನನ್ನು ಗಿರಿ ಎಂಬ ನಿಗಂಠನು ಹಂಗಿಸಿದನಂತೆ. ರಾಜ್ಯವನ್ನು ಮರಳಿ ಗೆದ್ದ ಅರಸನು ಆರಾಮವನ್ನು ಕೆಡವಿಸಿ 12 ಕೋಣೆಗಳ ವಿಹಾರವನ್ನು ಎತ್ತಿಸಿದನು. ಅರಸನ ‘ಅಭಯ’, ನಿಗಂಠನ ‘ಗಿರಿ’ ಕೂಡಿ ಅಭಯಗಿರಿಯಾಯಿತು. ಕೆಡವಿದವನ ಹೆಸರಿನೊಡನೆ ಕಳೆದುಕೊಂಡವನ ಹೆಸರೂ ಉಳಿದುದು ವಿಚಿತ್ರವೇ ಸರಿ!

ಆದರೆ ‘ಮಹಾವಂಸ’ವು ಅಭಯಗಿರಿಯ ಪ್ರತಿಸ್ಪರ್ಧಿಯಾದ ಮಹಾವಿಹಾರದ ಕೃತಿ. ಹಂಗಿಸಿದ ಪ್ರಸಂಗವನ್ನು ಅಕ್ಷರಶಃ ನಂಬಬೇಕಿಲ್ಲ. ನಿಗಂಠರ ನೆಲೆಗಳ ಉಲ್ಲೇಖವಾದರೋ ಪಾಂಡುಕಾಭಯನ ವೃತ್ತಾಂತದಲ್ಲಿಯೂ ಬೇರೆಯಾಗಿ, ಯಾವ ಕಲಹದ ಸಂದರ್ಭವೂ ಇಲ್ಲದೆ ಬಂದಿರುವುದರಿಂದ, ಅದನ್ನು ಸುಲಭವಾಗಿ ತಳ್ಳಿಹಾಕಲಾಗದು.