ಸಂಖ್ಯೆ ಒಂದು, ಕರೆ ಎರಡು: ಸೆಕ್‌ಕಾಂಪ್ ದೋಷಗಳ ಮರುಪರಿಶೀಲನೆ

ಪ್ರೋಗ್ರಾಂಗಳು ಕರ್ನೆಲ್‌ಗೆ ಸಲ್ಲಿಸುವ ಸಿಸ್ಟಮ್ ಕಾಲ್‌ಗಳನ್ನು ಸೋಸುವ ಸೆಕ್‌ಕಾಂಪ್ ವ್ಯವಸ್ಥೆ 2005ರಲ್ಲಿ ಆಂಡ್ರಿಯಾ ಅರ್ಕಾಂಜೆಲಿ ಅವರಿಂದ ಲಿನಕ್ಸ್‌ಗೆ ಬಂತು. ವಿಲ್ ಡ್ರೂರಿ ಅವರ ಫಿಲ್ಟರ್ ವಿಧಾನ 2012ರಲ್ಲಿ, 3.5ನೆಯ ಆವೃತ್ತಿಗೆ ಸೇರಿತು. 2017ರ ಆಂಡ್ರಾಯ್ಡ್ 8ರಿಂದೀಚೆಗೆ ಆ್ಯಪ್‌ಗಳೆಲ್ಲ ಇಂಥ ಫಿಲ್ಟರ್‌ನೊಳಗೇ ಓಡುತ್ತವೆ. ರಾಯಚೂರು ಸಮೀಪದ ಮಟಮಾರಿಯಲ್ಲಿ ಫೋನಿನಿಂದ ಹಣ ಕಳಿಸುವವರಿಗೂ ಇದೇ ಕಾವಲು.

ಇಷ್ಟರಲ್ಲಿ ಭಿನ್ನಾಭಿಪ್ರಾಯವಿಲ್ಲ. ಚರ್ಚೆ ಇರುವುದು ಈ ಕಾವಲು ಎಲ್ಲಿ ಸೋಲುತ್ತದೆ ಎಂಬಲ್ಲಿ. 2007ರಲ್ಲಿ ರಾಬರ್ಟ್ ವಾಟ್ಸನ್ ಅವರು ಸಿಸ್ಟ್ರೇಸ್ ಮೊದಲಾದ ಹಳೆಯ ವ್ಯವಸ್ಥೆಗಳನ್ನು ಮುರಿದು ತೋರಿಸಿದರು. ತಪಾಸಣೆ ಮುಗಿದು ಕರ್ನೆಲ್ ಕೆಲಸ ಶುರುಮಾಡುವಷ್ಟರಲ್ಲಿ ಇನ್ನೊಂದು ಥ್ರೆಡ್ ಮೆಮೊರಿಯಲ್ಲಿದ್ದ ಕಡತದ ಹೆಸರನ್ನೇ ಬದಲಿಸಿಬಿಡಬಲ್ಲದು. ಅವರ ಪ್ರಯೋಗಗಳ ಬಗ್ಗೆ ತಕರಾರಿಲ್ಲ. ಅವುಗಳಿಂದ ಮುಂದೆ ರೂಢಿಯಾದ ತೀರ್ಮಾನದ ಬಗ್ಗೆ ಇದೆ. ಸೆಕ್‌ಕಾಂಪ್ ಫಿಲ್ಟರ್ ಪಾಯಿಂಟರ್ ತೋರಿಸುವ ಮೆಮೊರಿಯನ್ನು ಓದುವುದೇ ಇಲ್ಲ, ಕಾಲ್‌ನ ಸಂಖ್ಯೆಯನ್ನೂ ರಿಜಿಸ್ಟರ್‌ಗಳನ್ನೂ ಮಾತ್ರ ನೋಡುತ್ತದೆ, ಹಾಗಾಗಿ ಮೂಲ ಸಮಸ್ಯೆ ಬಗೆಹರಿಯಿತು ಎಂಬುದು ಆ ತೀರ್ಮಾನ.

ಆದರೆ ಸಂಖ್ಯೆಯನ್ನಾದರೂ ಎಷ್ಟು ನಂಬಬಹುದು?

2009ರಲ್ಲಿ ಕ್ರಿಸ್ ಇವಾನ್ಸ್ ಹೊರಗೆಡವಿದ ದೋಷದಲ್ಲಿ ಥ್ರೆಡ್‌ಗಳ ಪೈಪೋಟಿಯೇ ಇರಲಿಲ್ಲ. 64 ಬಿಟ್ ಪ್ರೋಗ್ರಾಂ 32 ಬಿಟ್ ದಾರಿಯಿಂದ 15ನೆಯ ಕಾಲ್ ಮಾಡಿದರೆ, ಸೆಕ್‌ಕಾಂಪ್ ಅದನ್ನು ಸಿಗ್ನಲ್‌ನಿಂದ ಮರಳುವ ನಿರಪಾಯ ಕಾಲ್ ಎಂದು ಓದಿ ಬಿಟ್ಟುಕೊಡುತ್ತಿತ್ತು. ಕರ್ನೆಲ್ ಮಾತ್ರ ಅದನ್ನು ಕಡತದ ಅನುಮತಿ ಬದಲಿಸುವ ಸಿಎಚ್‌ಮಾಡ್ ಎಂದು ನಡೆಸುತ್ತಿತ್ತು. ರೋಲಂಡ್ ಮೆಕ್‌ಗ್ರಾತ್ ಇದನ್ನು ಸರಿಪಡಿಸಿದರು. 2016ರ 4.8ನೆಯ ಆವೃತ್ತಿಯವರೆಗೆ ಇನ್ನೊಂದು ಕಂಡಿ ಉಳಿದಿತ್ತು: ಒಂದು ಪ್ರೋಗ್ರಾಂ ಇನ್ನೊಂದನ್ನು ತಡೆದು ನಿಯಂತ್ರಿಸಲು ಬಳಸುವ ಪಿಟ್ರೇಸ್‌ಗೆ ಅನುಮತಿಯಿದ್ದ ಪ್ರೋಗ್ರಾಂ, ಸೆಕ್‌ಕಾಂಪ್ ಒಪ್ಪಿದ ಮೇಲೆ ತನ್ನ ಮರಿ ಪ್ರೋಗ್ರಾಂನ ಕಾಲ್ ಸಂಖ್ಯೆಯನ್ನೇ ತಿದ್ದಬಹುದಿತ್ತು. ಕೀಸ್ ಕುಕ್ ತಪಾಸಣೆಯನ್ನು ಪಿಟ್ರೇಸ್‌ನ ನಂತರಕ್ಕೆ ಸರಿಸಿದರು. ಇಲ್ಲಿ ವಾಟ್ಸನ್ ಹೇಳಿದ ಕಾಲದ ಅಂತರ ಇತ್ತೆಂಬುದು ನಿಜ; ಬದಲಾದದ್ದು ಮಾತ್ರ ಸುರಕ್ಷಿತವೆಂದು ನಂಬಿದ್ದ ರಿಜಿಸ್ಟರ್.

ಹೊಸ ಸಾಕ್ಷ್ಯದ ಬೇರು ಬೆಂಗಳೂರಿನಲ್ಲಿದೆ. ಓಡುತ್ತಿರುವ ಪ್ರೋಗ್ರಾಂನೊಳಗೆ ನಿಗಾ ಬಿಂದು ಇಡುವ ಯುಪ್ರೋಬ್ಸ್ ಅನ್ನು ಅಲ್ಲಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನ ಶ್ರೀಕರ್ ದ್ರೋಣಂರಾಜು ಮುಂದೆ ನಿಂತು ರೂಪಿಸಿದರು. ಅದೂ ಸೇರಿದ್ದು 3.5ನೆಯ ಆವೃತ್ತಿಗೇ. ಹನ್ನೆರಡು ವರ್ಷ ಯುಪ್ರೋಬ್ಸ್, ಸೆಕ್‌ಕಾಂಪ್ ಫಿಲ್ಟರ್ ಎರಡೂ ತಮ್ಮ ಪಾಡಿಗೆ ತಾವಿದ್ದವು. 2024ರ 6.11ರಲ್ಲಿ ಯಿರಿ ಓಲ್ಸಾ, ಫಂಕ್ಷನ್ ಮರಳುವುದನ್ನು ಗಮನಿಸುವ ಕೆಲಸ ಚುರುಕಾಗಲೆಂದು, ಬ್ರೇಕ್‌ಪಾಯಿಂಟ್‌ನ ಬದಲು ಯುರೆಟ್‌ಪ್ರೋಬ್ ಎಂಬ ಕಾಲ್ ತಂದರು, ಸಂಖ್ಯೆ 335. ಪ್ರೋಗ್ರಾಂಗಳನ್ನು ಕಂಟೇನರ್‌ಗಳಲ್ಲಿ ಬೇರ್ಪಡಿಸಿ ಓಡಿಸುವ ಡಾಕರ್‌ನ ಸೆಕ್‌ಕಾಂಪ್ ಫಿಲ್ಟರ್ ತನ್ನ ಪಟ್ಟಿಯಲ್ಲಿಲ್ಲದ ಕಾಲ್‌ಗಳನ್ನು ತಡೆಯುತ್ತದೆ. ಹಾಗಾಗಿ ಅದರೊಳಗೆ ನಿಗಾ ಇಟ್ಟ ಪ್ರೋಗ್ರಾಂಗಳು, ತಾವು ಮಾಡದ ಕಾಲ್‌ಗಾಗಿ ಕುಸಿದುಬಿದ್ದವು. 2025ರ ಆರಂಭದಲ್ಲಿ ಐಯಾಲ್ ಬಿರ್ಗರ್ ಅವರ ತಿದ್ದುಪಡಿ ಈ ಕಾಲ್ ಅನ್ನು ಫಿಲ್ಟರ್‌ನಿಂದ ಹೊರಗಿಟ್ಟಿತು.

ಇದು ಕಾವಲನ್ನು ಸಡಿಲಿಸಿತೇ? ಇಲ್ಲವೆಂಬುದೇ ಈ ಲೇಖನದ ವಾದ, ಆದರೆ ಷರತ್ತುಗಳೊಡನೆ. ಯುರೆಟ್‌ಪ್ರೋಬ್ ಕರ್ನೆಲ್ ತಾನೇ ಪ್ರೋಗ್ರಾಂನೊಳಗೆ ಇಟ್ಟ ತುಣುಕಿನಿಂದ ಬಂದರಷ್ಟೇ ನಡೆಯುತ್ತದೆ. ಬೇರೆಲ್ಲಿಂದ ಕರೆದರೂ ಸಿಗುವುದು ಸಿಗ್ನಲ್ ಏಟು. ದಾಳಿಕೋರನಿಗೆ ಅದರಿಂದ ಲಾಭ ಕಾಣದು. ಹೆಚ್ಚು ತೂಕದ್ದು ಇನ್ನೊಂದು ಷರತ್ತು: ವಿನಾಯಿತಿ ಯಂತ್ರದ ಮೂಲ ದಾರಿಯಿಂದ ಬಂದ 335ಕ್ಕೆ ಮಾತ್ರ. 32 ಬಿಟ್ ಪಟ್ಟಿಯಲ್ಲಿ ಅದೇ 335 ಬೇರೊಂದು ಥ್ರೆಡ್‌ಗೆ ಸಿಗ್ನಲ್ ಕಳಿಸುವ ಕಾಲ್. ದಾರಿಯನ್ನು ಪರೀಕ್ಷಿಸದೆ ಸಂಖ್ಯೆಯನ್ನಷ್ಟೇ ನೋಡಿ ಬಿಟ್ಟಿದ್ದರೆ 2009ರ ದೋಷವೇ ಇನ್ನೊಂದು ವೇಷದಲ್ಲಿ ಮರಳುತ್ತಿತ್ತು. ಆ ಪರೀಕ್ಷೆ ತಿದ್ದುಪಡಿಯ ಅಂಚಿನ ವಿವರವಲ್ಲ, ಅದರ ಹೃದಯ.

ಈ ವಾದ 64 ಬಿಟ್ ಎಕ್ಸ್86 ಯಂತ್ರಗಳಿಗೆ ಸೀಮಿತ. ಅಲ್ಲೂ ಒಂದು ಹಕ್ಕು ಕೈತಪ್ಪಿದೆ: ಫಿಲ್ಟರ್ ಬರೆದವರು ಬೇಕೆಂದರೂ ಇನ್ನು ಈ ಕಾಲ್ ಅನ್ನು ತಡೆಯಲಾರರು. ಮುಂದೆ 336ನೆಯ ಯುಪ್ರೋಬ್ ಕಾಲ್‌ಗೂ ಇದೇ ವಿನಾಯಿತಿ ಸಿಕ್ಕಿತು. 32 ಬಿಟ್ ಪಟ್ಟಿಯಲ್ಲಿ ಆ ಸಂಖ್ಯೆ ಪರ್ಫ್ ನಿಗಾವನ್ನು ತೆರೆಯುವ ಕಾಲ್. ಕರ್ನೆಲ್ ತನ್ನ ಅನುಕೂಲಕ್ಕೆಂದು ಸೇರಿಸುವ ಕಾಲ್‌ಗಳು ಹೆಚ್ಚಿದಂತೆ ವಿನಾಯಿತಿಗಳನ್ನು ಒಂದೊಂದಾಗಿ ಬರೆಯುತ್ತ ಹೋಗಬೇಕೇ, ಅಥವಾ ಅಂಥವನ್ನು ಫಿಲ್ಟರ್‌ನ ದಾರಿಗೇ ಬಾರದಂತೆ ಬೇರ್ಪಡಿಸಬಹುದೇ ಎಂಬ ಪ್ರಶ್ನೆ ಇನ್ನೂ ಬಾಕಿಯಿದೆ.